ಬಿಸಿಲಿಗೆ ಹಾಕಿದ ಸಾಸಿ

ಹತುಲೆಯಲ್ಲಿ ಬಿಸಿಲಿಗೆ ಸಾಸಿ ಹಾಕಿದ್ದು ಒಂದು ಭಾನುವಾರ, ಚರ್ಚಿನಲ್ಲಿ ಪ್ರಾರ್ಥನೆ ಮುಗಿದ ಮೇಲೆ. ಅದಕ್ಕೆ ಮೊದಲು ಊರಿನವರು ತೆಂಗಿಗೆ ಹಾಕಿದ್ದರು, ಲವಂಗಕ್ಕೆ ಹಾಕಿದ್ದರು, ಹವಳದ ದಿಬ್ಬದಲ್ಲಿ ಸಿಗುವ ಲೋಲ ಚಿಪ್ಪಿಗೆ ಹಾಕಿದ್ದರು. ಸಾಸಿ ಬಿದ್ದ ವಸ್ತುವನ್ನು ಯಾರೂ ಮುಟ್ಟುವಂತಿಲ್ಲ. ಅದು ಬಲಿಯಬೇಕು, ಹೆಚ್ಚಬೇಕು. ಆಮೇಲೊಂದು ದಿನ ಊರೆಲ್ಲ ಸೇರಿ ಪ್ರಾರ್ಥಿಸಿ ತೆರೆಯುತ್ತಾರೆ. ಎಲ್ಲರಿಗೂ ಪಾಲು ಸಿಗುತ್ತದೆ. ನಮ್ಮ ಸಮುದ್ರದ ದ್ವೀಪಗಳಲ್ಲಿ ಯಾವಾಗಿನಿಂದಲೂ ನಡೆದುಬಂದದ್ದು ಹೀಗೆ. ಕರೆಂಟಿಗೆ ಹಾಕಿದ್ದು ಮಾತ್ರ ಅದೇ ಮೊದಲು.

ಓಪಾ ಜೆಫ್ನಾತ್ ಬ್ಯಾಟರಿ ಕೋಣೆಯ ಮುಖ್ಯ ಸ್ವಿಚ್ ಆರಿಸಿ, ಎಳೆಯ ತೆಂಗಿನ ಗರಿಗಳನ್ನು ಅದರ ಕಬ್ಬಿಣದ ಬಾಗಿಲಿಗೆ ಅಡ್ಡ ಕಟ್ಟಿದರು. ಅವರು ಊರಿಗೆಲ್ಲ ಓಪಾ, ಅಂದರೆ ಅಜ್ಜ; ಊರಿನ ಕೆವಾಂಗ್, ಅಂದರೆ ಸಾಸಿಯ ಕಾವಲುಗಾರ. ಕೈಗೆ ವಯಸ್ಸಾಗಿದ್ದರೂ ಗಂಟು ಬಿಗಿಯಾಗಿತ್ತು. ಪಾದ್ರಿ ಆಮೆನ್ ಎಂದರು. ಅವರ ಹಿಂದೆ, ಬೇಲಿಯ ಆಚೆ, ಸಾಲಾಗಿ ನಿಲ್ಲಿಸಿದ್ದ ಸೋಲಾರ್ ಫಲಕಗಳು ಯಾವ ಪಾಪವನ್ನೂ ಅರಿಯದ ಹಾಗೆ ಆಕಾಶಕ್ಕೆ ಮುಖ ಮಾಡಿ ಮಲಗಿದ್ದವು.

ನಾನು ಯೋಜನೆಯವರು ಕೊಟ್ಟ ಅಂಗಿ ತೊಟ್ಟು ಅಲ್ಲೇ ನಿಂತಿದ್ದೆ. ಅಂಗಿಯ ಮೇಲೆ ನಗುವ ಸೂರ್ಯನ ಚಿತ್ರವಿತ್ತು. ಅಂಬೋನ್ ನಗರದಲ್ಲಿ ಓದಿ, ಡಿಗ್ರಿ ಹಿಡಿದುಕೊಂಡು ಅಮ್ಮನ ಊರಿಗೆ ಬಂದವನಿಗೆ ಸಿಕ್ಕಿದ ಕೆಲಸ ಇದು: ದ್ವೀಪದವರು ಡೀಸೆಲ್ ಬಿಟ್ಟು ಬಿಸಿಲಿಗೆ ಹೊಂದಿಕೊಳ್ಳಲು ನೆರವಾಗುವುದು. ನನಗೆ ಹೆಚ್ಚು ಮಾತಾಡಲು ಬರುವುದಿಲ್ಲ. ಸಭೆಗಳಲ್ಲಿ ಯಾರು ಯಾವಾಗ ಸುಮ್ಮನಾದರು ಎಂಬುದು ನೆನಪಿರುತ್ತದೆ, ಏನು ಹೇಳಿದರು ಎಂಬುದು ಮರೆತುಹೋಗುತ್ತದೆ. ಇಂಥವನನ್ನು ಜನರ ಮನವೊಲಿಸುವ ಕೆಲಸಕ್ಕೆ ಆರಿಸಿದವರ ಜಾಣತನದ ಬಗ್ಗೆ ನಾನು ಆಗಾಗ ಯೋಚಿಸಿದ್ದೇನೆ.

ಸಾಸಿಗೆ ಕಾರಣವೂ ಯೋಜನೆಯ ಕಡೆಯಿಂದಲೇ ಬಂದಿತ್ತು. ಕರೆಂಟ್ ಬಂದ ಮೊದಲ ವಾರಗಳಲ್ಲಿ ಊರು ಹಬ್ಬದ ಊರಾಯಿತು. ಅನ್ನ ಬೇಯಿಸುವ ಕುಕ್ಕರ್, ಇಸ್ತ್ರಿ ಪೆಟ್ಟಿಗೆ, ಮೀನು ಒಣಗಿಸಲು ಫ್ಯಾನು, ಎದೆಯುದ್ದದ ಸ್ಪೀಕರ್ ಪೆಟ್ಟಿಗೆಗಳು, ಎಲ್ಲವೂ ಒಟ್ಟಿಗೆ ಹೊರಬಂದವು. ಸಂಜೆಯ ಊಟ ಮುಗಿಯುವ ಮೊದಲೇ ಬ್ಯಾಟರಿ ಬರಿದಾಗಿ ಊರು ಕತ್ತಲಾಗುತ್ತಿತ್ತು. ನಾನು ಜೆಟ್ಟಿಯ ಮೇಲಿಂದ ನಗರದ ಇಂಜಿನಿಯರಿಗೆ ಫೋನ್ ಮಾಡಿ, ಊರಿನವರೆಲ್ಲ ಕೇಳಲಿ ಎಂದು ಸ್ಪೀಕರ್‌ಗೆ ಹಾಕಿದೆ.

"ಹೀಗೆ ಎಳೆದ್ರೆ ಬ್ಯಾಟರಿ ಸತ್ತುಹೋಗುತ್ತೆ," ಎಂದ ಇಂಜಿನಿಯರ್. "ಸ್ವಲ್ಪ ವಿಶ್ರಾಂತಿ ಕೊಡಿ ಅದಕ್ಕೆ."

ಫೋನ್ ಕಟ್ಟಾಯಿತು. ಓಪಾ ಜೆಫ್ನಾತ್ ಎದ್ದು ನಿಂತರು. "ಇಷ್ಟೇ ತಾನೆ? ಇದನ್ನ ಹೇಳೋಕೆ ಇಂಜಿನಿಯರ್ ಯಾಕೆ? ವಿಶ್ರಾಂತಿ ಕೊಡೋದು ಹೇಗೆ ಅಂತ ನಮಗೆ ಗೊತ್ತಿಲ್ವಾ?"

ಸಾಸಿ ಬಿದ್ದ ಮರುದಿನ ಬೆಳಿಗ್ಗೆ ಉಸಿ ಬತ್ಸೆಬ ಬ್ಯಾಟರಿ ಕೋಣೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅವಳು ಊರಿನ ಮೀನು ಮಾರುವ ಹೆಂಗಸರಿಗೆಲ್ಲ ಹಿರಿಯಳು. ನನಗಿಂತ ದೊಡ್ಡವಳಾದ್ದರಿಂದ ನನಗೆ ಉಸಿ, ಅಕ್ಕ. ಸೋಲಾರ್ ಬರಲಿ ಎಂದು ಊರಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ಅವಳೇ. ಹೆಂಗಸರ ಸಂಘಕ್ಕೆ ಯೋಜನೆಯವರು ಒಂದು ದೊಡ್ಡ ಫ್ರೀಜರ್ ಕೊಟ್ಟಿದ್ದರು. ಐಸ್ ಇದ್ದರೆ ಮೀನು ಉಳಿಯುತ್ತದೆ; ಮೀನು ಉಳಿದರೆ ಅದನ್ನು ಹಡಗಿನಲ್ಲಿ ಅಂಬೋನ್‌ಗೆ ಕಳಿಸಬಹುದು; ಐಸ್ ಪೆಟ್ಟಿಗೆ ಹೊತ್ತು ಬಂದು ತನಗೆ ತೋಚಿದ ಬೆಲೆ ಹೇಳುವ ವ್ಯಾಪಾರಿ ಕಾಚೆಯ ಮುಖ ನೋಡಬೇಕಿಲ್ಲ. ಬಂಗುಡೆ ಹಿಂಡು ಬರುವ ಕಾಲ ಹತ್ತಿರವಾಗಿತ್ತು. ಅವಳಿಗೆ ಬೇಕಿದ್ದದ್ದು ಅಷ್ಟೇ: ಹಿಂಡು ಬರುವ ಹೊತ್ತಿಗೆ ಐಸ್.

"ಓಪಾ, ಕಾಯಿ ಬಲಿಯುತ್ತೆ, ಚಿಪ್ಪು ಬೆಳೆಯುತ್ತೆ. ಕರೆಂಟ್ ಏನ್ ಬಲಿಯುತ್ತೆ?"

"ತಡ್ಕೋ. ಬಲಿತ ಮೇಲೆ ನೋಡು, ನಿನ್ನ ಫ್ರೀಜರ್ ಎದ್ದು ಕುಣೀಬೇಕು."

"ಮಧ್ಯಾಹ್ನಕ್ಕೇ ತುಂಬಿಹೋಗುತ್ತಂತೆ. ಆಮೇಲೆ ಬೀಳೋ ಬಿಸಿಲೆಲ್ಲ ದಂಡ. ಹೇಳೋ ನ್ಯೊಂಗ್, ಬಾಯಿ ಬಿಡು!"

ಚಿಕ್ಕವರನ್ನೆಲ್ಲ ಅವಳು ನ್ಯೊಂಗ್ ಎನ್ನುತ್ತಿದ್ದಳು. ಓಪಾ ನನ್ನ ಕಡೆ ತಿರುಗಿದರು. "ದಂಡಾನಾ? ದೇವರು ಕಳಿಸಿದ ಬಿಸಿಲು ದಂಡ ಆಗುತ್ತೆ ಅಂತ ಅಂಬೋನ್‌ನಲ್ಲಿ ಓದಿಸಿದ್ರಾ ನಿಂಗೆ?"

ಬ್ಯಾಟರಿ ಎಂದರೆ ಪೀಪಾಯಿ ಇದ್ದ ಹಾಗೆ, ತುಂಬಿದ ಮೇಲೆ ಹಿಡಿಸುವುದಿಲ್ಲ, ಎಂದೆ.

"ಪೀಪಾಯಿ ತುಂಬಿದ್ರೆ ಹೊರಗೆ ಚೆಲ್ಲುತ್ತೆ," ಎಂದರು ಓಪಾ. "ಎಲ್ಲಿ, ಒಂದು ಹನಿ ಚೆಲ್ಲಿದ್ದು ತೋರಿಸು."

ನಾನು ನೆಲ ನೋಡಿದೆ. ಒಣಗಿತ್ತು.

"ನೋಡಿದ್ಯಾ?" ಎಂದು ಓಪಾ ಉಸಿ ಬತ್ಸೆಬಳಿಗೆ ಹೇಳಿದರು, ಗೆದ್ದವರ ಹಾಗಲ್ಲ, ಸಮಾಧಾನ ಮಾಡುವವರ ಹಾಗೆ. "ಎಲ್ಲಾ ಒಳಗೇ ಇದೆ."

ಸಾಸಿ ಮುರಿಯಲು ಯತ್ನಿಸಿದವನು ಒಬ್ಬನೇ, ಅದೂ ನಮ್ಮ ರಾಜ. ನಮ್ಮ ಕಡೆ ಊರಿನ ಮುಖ್ಯಸ್ಥನಿಗೆ ರಾಜ ಎನ್ನುತ್ತಾರೆ. ಬಾಪಾ ರಾಜನಿಗೆ ಕಿರೀಟವಿಲ್ಲ, ಆದರೆ ಅವನ ಹತ್ತಿರ ಬ್ಯಾಟರಿ ಕೋಣೆಯ ಬೀಗದ ಇನ್ನೊಂದು ಕೀಲಿಕೈ ಇತ್ತು. ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಗರಿಗಳ ಕೆಳಗೆ ನುಸುಳಿ ಒಳಹೋಗಿ ತನ್ನ ಫೋನ್ ಚಾರ್ಜಿಗೆ ಹಾಕಿದ. ಮರುದಿನ ಅವನ ಬಲಗೆನ್ನೆ ಹಲಸಿನ ಕಾಯಿಯಷ್ಟು ಊದಿಕೊಂಡಿತು. ಆ ಹಲ್ಲು ಈಸ್ಟರ್‌ನಿಂದಲೇ ನೋಯುತ್ತಿತ್ತು ಎಂದು ಅವನ ಹೆಂಡತಿ ನಾಲ್ಕು ಮನೆಗೆ ಹೋಗಿ ಹೇಳಿಬಂದಳು. ಯಾರೂ ಕಿವಿಗೊಡಲಿಲ್ಲ. ಬಾಪಾ ರಾಜ ಭಾನುವಾರ ಚರ್ಚಿನಲ್ಲಿ ಎದ್ದು ನಿಂತು, ಊದಿದ ಬಾಯಿಂದ ಏನೋ ಹೇಳಿ ತಪ್ಪೊಪ್ಪಿಕೊಂಡ. ಅರ್ಥವಾಗಲಿಲ್ಲ, ಆದರೆ ಅಷ್ಟು ಪರಿಣಾಮಕಾರಿಯಾದ ಭಾಷಣ ಅವನು ಹಿಂದೆಂದೂ ಮಾಡಿರಲಿಲ್ಲ. ಅಲ್ಲಿಂದ ಮುಂದೆ ಬ್ಯಾಟರಿ ಕೋಣೆಯ ನೆರಳಿನಲ್ಲಿ ಮಕ್ಕಳು ಆಡುವುದೂ ನಿಂತಿತು.

ಊರು ಹಳೆಯ ಡೀಸೆಲ್ ಜನರೇಟರ್‌ಗಳನ್ನು ಮತ್ತೆ ಹೊರಗೆಳೆಯಿತು. ಯಾರಿಗೂ ಬೇಸರವಿರಲಿಲ್ಲ. ಒಳ್ಳೆಯ ಕರೆಂಟ್ ಬೆಳೆಯುತ್ತಿದೆ, ಅಲ್ಲಿಯವರೆಗೆ ಕೆಟ್ಟದ್ದರಲ್ಲಿ ಹೊಂದಿಸಿಕೊಳ್ಳೋಣ ಎಂಬ ತಾಳ್ಮೆ. ಉಸಿ ಬತ್ಸೆಬಳ ಫ್ರೀಜರ್‌ಗೆ ಮಾತ್ರ ಮನೆಯ ಜನರೇಟರ್ ಸಾಲದು. ಅವಳು ಅದರಲ್ಲಿ ಇಲಿ ಮುಟ್ಟದ ಹಾಗೆ ಸಾಗು ರೊಟ್ಟಿ ತುಂಬಿಸಿ ಮುಚ್ಚಿಟ್ಟಳು.

ಹೀಗಿರುವಾಗ ಜಕಾರ್ತದಿಂದ ಇಬು ಲರಸ್ ಫೋನ್ ಮಾಡಿದರು. ಅವರು ಯೋಜನೆಯ ನಿರ್ದೇಶಕಿ; ಇಬು ಎಂದರೆ ಮೇಡಂ ಎಂದ ಹಾಗೆ. ಜೆಟ್ಟಿಯ ತುದಿಯಲ್ಲಿ ಮಾತ್ರ ಸಿಗ್ನಲ್ ಸಿಗುವುದರಿಂದ ನಾನು ಅಲ್ಲಿ ಕಂಬ ಹಿಡಿದು ನಿಂತು ಕೇಳಿಸಿಕೊಂಡೆ.

"ತಮ್ಮಾ, ಏನ್ ಮಾಡ್ತಿದೀರ ಅಲ್ಲಿ? ನಮ್ಮ ಎಲ್ಲ ದ್ವೀಪಗಳಲ್ಲಿ ನಿಮ್ಮದೇ ಮೊದಲು! ಒಂದು ದಿನಾನೂ ಬ್ಯಾಟರಿ ಇಳಿದಿಲ್ಲ. ಕಂಪ್ಯೂಟರಲ್ಲಿ ಆ ಗ್ರಾಫಿನ ಗೆರೆ ನೋಡಿದ್ರೆ ಕಣ್ಣು ತುಂಬಿ ಬರುತ್ತೆ. ಹಾಸಿಗೆ ಹಾಸಿದ ಹಾಗಿದೆ."

"ಇಬು, ಅದು... ಇಲ್ಲಿ ಯಾರೂ ಬಳಸ್ತಿಲ್ಲ."

"ಅದಕ್ಕೇ ಮಿತವ್ಯಯ ಅನ್ನೋದು! ಬೇರೆ ಕಡೆ ಸ್ಪೀಕರ್ ಹಚ್ಚಿ ಹಾಳು ಮಾಡಿಟ್ಟಿದ್ದಾರೆ."

"ಹಾಗಲ್ಲ ಇಬು, ಸ್ವಲ್ಪಾನೂ..."

"ವಿನಯ ಸಾಕು ತಮ್ಮಾ. ನಾನೇ ಬರ್ತೀನಿ ನೋಡೋಕೆ."

ಆಮೇಲೆ ಗಾಳಿಯ ಸದ್ದು ಮಾತ್ರ ಕೇಳಿಸಿತು. ನಿಜವನ್ನು ಹೇಳಿಯಾಗಿತ್ತು, ಅದು ತಲುಪಿಯೂ ಇತ್ತು. ನಾನು ಕಂಬಕ್ಕೆ ಒರಗಿ ಅಲ್ಲೇ ಕೂತೆ. ಕೆಳಗೆ ನೀರಿನಲ್ಲಿ ಸಣ್ಣ ಮೀನುಗಳು ಒಟ್ಟಿಗೆ ಒಂದೇ ಕಡೆ ತಿರುಗುತ್ತಿದ್ದವು.

ನಿರ್ದೇಶಕಿ ಬರುವ ಸುದ್ದಿ ಕೇಳಿ ಓಪಾ ತೀರ್ಮಾನ ಕೊಟ್ಟರು: ಸಾಸಿ ತೆರೆಯುವುದು ಅತಿಥಿಗಳ ಎದುರಿಗೆ. ಕಡಲು ಕೆಟ್ಟಿತು. ಅತಿಥಿಗಳು ಬರುವ ದಿನ ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು. ಬಂಗುಡೆಗೆ ಇದು ಗೊತ್ತಿರಲಿಲ್ಲ. ಅದು ತನ್ನ ಕಾಲಕ್ಕೆ ಬಂತು.

ಆ ಬೆಳಿಗ್ಗೆ ಕೊಲ್ಲಿಯ ನೀರು ಕುದಿಯುವ ಹಾಗೆ ಕಂಡಿತು. ದೋಣಿಗಳು ಅಂಚಿನವರೆಗೆ ತುಂಬಿ ಬಂದವು. ಹೆಂಗಸರು ಬುಟ್ಟಿ ಸಾಲದೆ ಹಾಯಿಯಷ್ಟಗಲದ ಟಾರ್ಪಾಲು ಹಾಸಿ ಸುರಿದರು. ಹೊತ್ತೇರುವ ಮೊದಲೇ ಕಾಚೆಯ ದೋಣಿ ಬಂತು. ಬಿಳಿ ಥರ್ಮಾಕೋಲ್ ಪೆಟ್ಟಿಗೆಗಳ ಮೇಲೆ ಅವನು ಸಿಂಹಾಸನದ ಮೇಲೆ ಕೂತ ಹಾಗೆ ಕೂತಿದ್ದ.

"ಏನ್ ಉಸಿ, ನಿಮ್ಮ ಸೂರ್ಯ ಮಲಗಿಬಿಟ್ಟನಾ?"

"ಮಲಗಿಲ್ಲ. ಉಪವಾಸ ಕೂತಿದಾನೆ. ರೇಟು ಹೇಳು."

"ಹೋದ ವರ್ಷದ್ದೇ ಕೊಡ್ತೀನಿ, ನೀವು ಅಂತ."

"ಹೋದ ವರ್ಷದ್ದೇ ಹಾಡಹಗಲ ದರೋಡೆ."

"ಹಾಗಾದ್ರೆ ಇಟ್ಕೊಳಿ, ನಂಗೇನು ಅರ್ಜೆಂಟಿಲ್ಲ." ಅವನು ಸಿಗರೇಟು ಹಚ್ಚಿದ. "ಸಂಜೆ ಹೊತ್ತಿಗೆ ಮೀನೇ ನಿಮಗೆ ಬುದ್ಧಿ ಹೇಳುತ್ತೆ."

ಉಸಿ ಬತ್ಸೆಬ ಟಾರ್ಪಾಲಿನ ಮುಂದೆ ಕೂತಳು. ನೊಣಗಳನ್ನು ಓಡಿಸಿದಳು. ಬಿಸಿಲು ಮೇಲೇರಿತು. ಊರ ಹಿಂದಿನ ದಿಬ್ಬದ ಮೇಲೆ ಸೋಲಾರ್ ಫಲಕಗಳು ಕಣ್ಣು ಕೋರೈಸುವ ಹಾಗೆ ಹೊಳೆಯುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಅವಳು ಎದ್ದು, ಕಾಚೆಯ ಕಡೆ ನೋಡದೆ, ಬುಟ್ಟಿಗಳನ್ನು ಅವನ ದೋಣಿಯ ಕಡೆಗೆ ಕಾಲಿನಿಂದ ತಳ್ಳಿದಳು. ಅವನು ಬೆಲೆಯನ್ನು ಮತ್ತೂ ಇಳಿಸಿದ್ದ.

ಅವನು ಒಯ್ಯದೆ ಬಿಟ್ಟ ಮೀನನ್ನು ಅವಳು ಒಂದು ಬುಟ್ಟಿಗೆ ತುಂಬಿ ಓಪಾ ಜೆಫ್ನಾತರ ಮೆಟ್ಟಿಲ ಮೇಲೆ ತಂದಿಟ್ಟಳು. ವಾಸನೆ ಶುರುವಾಗಿತ್ತು.

"ತೆರೆದ ದಿನ ಮೊದಲ ಕರೆಂಟ್ ನಿನಗೇ, ಬತ್ಸೆಬ," ಎಂದರು ಓಪಾ.

"ಏನ್ ಮಾಡ್ಲಿ ಓಪಾ ಅದನ್ನ? ಲೈಟ್ ಹಾಕ್ಕೊಂಡು ಖಾಲಿ ಬುಟ್ಟಿ ನೋಡ್ಕೊಂಡಿರ್ಲಾ?"

ಅವಳು ಹೋದ ಮೇಲೆ ಓಪಾ ಗುದ್ದಲಿ ತಂದು ಮೀನನ್ನೆಲ್ಲ ತೆಂಗಿನ ಬುಡಕ್ಕೆ ಹೂತರು. ನಾನು ಮಣ್ಣು ಎಳೆದುಕೊಟ್ಟೆ. ಆಮೇಲೆ ಗುದ್ದಲಿಯ ಹಿಡಿಗೆ ಗಲ್ಲ ಊರಿ ನಿಂತರು.

"ಲೋಲ ಚಿಪ್ಪಿಗೆ ಹಾಕಿದ ಸಾಸಿ ಗೊತ್ತಲ್ಲ, ನ್ಯೊಂಗ್? ಹೊರಗಿನ ದೋಣಿಯವರು ಗಾಳಿ ಕೊಳವೆ ಬಾಯಿಗಿಟ್ಕೊಂಡು ಮುಳುಗಿ ದಿಬ್ಬ ಬೋಳಿಸಿಕೊಂಡು ಹೋದ್ರು. ನಾನು ದಡದಲ್ಲಿ ನಿಂತು ಕೂಗಿದೆ. ನಕ್ಕರು. ನಮ್ಮ ಹುಡುಗರೇ ಅವರಿಗೆ ಚೀಲ ಹಿಡಿದ್ರು." ಅವರು ಬ್ಯಾಟರಿ ಕೋಣೆಯ ಕಡೆ ನೋಡಿದರು. "ಇದು ನಿಂತಿದೆ. ಒಬ್ಬರೂ ಮುಟ್ಟಿಲ್ಲ. ರಾಜನ ಹಲ್ಲು ಕೂಡ ಮರ್ಯಾದೆ ಕೊಡ್ತು."

ನನಗೆ ಪೀಪಾಯಿಯ ಮಾತನ್ನು ಮತ್ತೆ ಎತ್ತಲಾಗಲಿಲ್ಲ.

ಕಡಲು ಸಮಾಧಾನವಾದಾಗ ಅತಿಥಿಗಳು ಬಂದರು. ಬಂಗುಡೆಯ ಇನ್ನೊಂದು ಹಿಂಡು ಬರುವುದು ಬಾಕಿ ಇತ್ತು; ಈಗ ತೆರೆದರೂ ಸಾಕು ಎಂದು ಉಸಿ ಬತ್ಸೆಬ ಫ್ರೀಜರ್‌ನಿಂದ ಸಾಗು ರೊಟ್ಟಿ ಹೊರತೆಗೆದು, ಒಳಗೆಲ್ಲ ತೊಳೆದು, ಬಾಗಿಲು ತೆರೆದು ಗಾಳಿಗೆ ಇಟ್ಟಿದ್ದಳು. ದೊಡ್ಡವರು ಬಂದಾಗ ಗಲಾಟೆ ಇರಬಾರದು ಎಂದು ಬಾಪಾ ರಾಜ ಊರಿನ ಜನರೇಟರ್‌ಗಳನ್ನೆಲ್ಲ ನಿಲ್ಲಿಸಿದ್ದ. ಅದು ಬರೀ ಮರ್ಯಾದೆ, ಬೇರೆ ಏನೂ ಅಲ್ಲ.

ಇಬು ಲರಸ್ ಜೆಟ್ಟಿಗೆ ಕಾಲಿಟ್ಟವರೇ ಕಣ್ಣು ಮುಚ್ಚಿ ಕೈ ಎತ್ತಿದರು. ಜೊತೆಗೆ ಬಂದಿದ್ದ ಕ್ಯಾಮೆರಾದವರೂ ನಿಂತರು.

"ಕೇಳಿ," ಎಂದರು ಅವರು ಮೆಲ್ಲಗೆ. "ಏನೂ ಕೇಳಿಸ್ತಿಲ್ಲ. ಒಂದೇ ಒಂದು ಜನರೇಟರ್ ಇಲ್ಲ! ಇದಕ್ಕೇ ತಾನೆ ನಾವು ಇಷ್ಟು ವರ್ಷ ಒದ್ದಾಡಿದ್ದು?"

ನಾನು ಬಹಳ ಬಗೆಯ ಮೌನಗಳನ್ನು ಕೇಳಿದ್ದೇನೆ. ಪ್ರತಿ ಮನೆಯ ಹಿಂದೆ ಒಂದೊಂದು ಯಂತ್ರ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಿಂತಂಥ ಮೌನವನ್ನು ಕೇಳಿದ್ದು ಅದೇ ಮೊದಲು. ಗಾಳಿ ಬೀಸಿದಾಗ ಡೀಸೆಲ್ ವಾಸನೆ ಬಂತು. ಹಡಗಿನದ್ದಿರಬೇಕು ಎಂದರು ಯಾರೋ.

ದಿಬ್ಬದ ಮೇಲೆ ಊರೆಲ್ಲ ಸೇರಿತು. ಪಾದ್ರಿ ಪ್ರಾರ್ಥನೆ ಮುಗಿಸಿದರು. ಓಪಾ ಗರಿಯ ಗಂಟಿಗೆ ಕೈ ಹಾಕಿದಾಗ ಇಬು ಲರಸ್ ಇದೇನೆಂದು ಕೇಳಿದರು. ಬಾಪಾ ರಾಜ ಸಾಸಿಯ ಬಗ್ಗೆ ಹೇಳತೊಡಗಿದ. ಪೂರ್ವಜರು, ಪ್ರಕೃತಿ, ಶಿಸ್ತು ಎಂದೆಲ್ಲ ಹೊರಡುತ್ತಿದ್ದಂತೆ ಉಸಿ ಬತ್ಸೆಬ ಗುಂಪಿನಿಂದ ಮುಂದೆ ಬಂದಳು.

"ಇಬು, ನಾನು ನೇರವಾಗಿ ಹೇಳ್ತೀನಿ. ಇದನ್ನ ಕಟ್ಟಿದ ದಿನದಿಂದ ಯಾರೂ ಈ ಕರೆಂಟ್ ಮುಟ್ಟಿಲ್ಲ. ಒಂದು ಬಲ್ಬೂ ಉರಿದಿಲ್ಲ. ನಾವು ಡೀಸೆಲ್ಲೇ ಸುಡ್ತಿದೀವಿ. ನಂಗೆ ಐಸ್ ಬೇಕಿತ್ತು, ಮೀನು ಕೊಳೆತುಹೋಯ್ತು. ನಿಮ್ಮ ಬ್ಯಾಟರಿ ತುಂಬಿರೋದು ಅದಕ್ಕೇ."

ಬಾಪಾ ರಾಜ ಕೆನ್ನೆ ಮುಟ್ಟಿಕೊಂಡ. ಇಬು ಲರಸ್ ನನ್ನ ಕಡೆ ನೋಡಿದರು. "ಹೌದಾ ತಮ್ಮಾ?"

"ಹೌದು ಇಬು. ಯಾರೂ ಮುಟ್ಟಿಲ್ಲ."

ಅವರ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು.

"ಯಾರೂ ಮುಟ್ಟಿಲ್ಲ," ಎಂದು ಅವರು ಕ್ಯಾಮೆರಾದವನಿಗೆ ಹೇಳಿದರು. "ಕೇಳಿದ್ಯಾ? ದಂಡ ಇಲ್ಲ, ಪೊಲೀಸ್ ಇಲ್ಲ. ಒಂದು ತೆಂಗಿನ ಗರಿ! ಬೇರೆ ದ್ವೀಪಗಳಲ್ಲಿ ಬ್ಯಾಟರಿಗಳು ಒಂದೇ ವರ್ಷಕ್ಕೆ ಸತ್ತುಹೋದ್ವು. ಇಲ್ಲಿ ಹೊಸದರ ಹಾಗಿವೆ." ಓಪಾ ಗಂಟು ಎಳೆಯುತ್ತಿದ್ದರು. ಇಬು ಲರಸ್ ಓಡಿಹೋಗಿ ಅವರ ಕೈ ಹಿಡಿದರು. "ಬಿಚ್ಚಬೇಡಿ ಓಪಾ! ದಯವಿಟ್ಟು ಬಿಚ್ಚಬೇಡಿ. ಇನ್ನೊಂದು ವರ್ಷ ಇರಲಿ. ಎಲ್ಲರಿಗೂ ಇದನ್ನ ತೋರಿಸಬೇಕು ನಾನು."

ಓಪಾ ಜೆಫ್ನಾತರ ಮುಖ ನಾನು ನೋಡಿದೆ. ಹೊರಗಿನಿಂದ ಬಂದವರು ಅವರ ಸಾಸಿಯನ್ನು ಉಳಿಸಿ ಎಂದು ಬೇಡಿಕೊಂಡದ್ದು ಅವರ ಆಯುಷ್ಯದಲ್ಲೇ ಮೊದಲು. ಅವರು ಗಂಟಿನಿಂದ ಕೈ ತೆಗೆದು, ಸಡಿಲವಾಗಿದ್ದ ಗರಿಯನ್ನು ಮತ್ತೆ ಬಿಗಿದರು.

"ಇಬು, ಐಸು?" ಎಂದಳು ಉಸಿ ಬತ್ಸೆಬ. ಅವಳ ಧ್ವನಿ ಬಿದ್ದುಹೋಗಿತ್ತು. "ಡೀಸೆಲ್ ಸುಡೋದು ನಿಲ್ಲಿಸೋಕೆ ಅಂತ ತಾನೆ ಇದನ್ನ ತಂದಿದ್ದು?"

"ಡೀಸೆಲ್ ನಮ್ಮ ಲೆಕ್ಕಕ್ಕೆ ಬರಲ್ಲ ಅಕ್ಕ. ನಾವು ಸೋಲಾರ್ ಮಾತ್ರ ಅಳೀತೀವಿ. ಆದ್ರೆ ಯೋಚನೆ ಮಾಡ್ಬೇಡಿ, ಇದನ್ನ ಕಾಯೋ ಊರಿಗೆ ನಿಧಿ ಕೊಡಿಸ್ತೀನಿ. ಅದರಲ್ಲಿ ನಿಮಗೆ ಏನು ಬೇಕೋ ಮಾಡ್ಕೊಳಿ. ನಾವು ಕೈ ಹಾಕಲ್ಲ."

ಉಸಿ ಬತ್ಸೆಬ ಅವರನ್ನೇ ನೋಡುತ್ತ ನಿಂತಳು. "ಏನು ಬೇಕೋ ಮಾಡ್ಕೋಬಹುದಾ?"

"ಏನು ಬೇಕಾದ್ರೂ. ಬ್ಯಾಟರಿ ಮಾತ್ರ ಮುಟ್ಟಬೇಡಿ."

ಅತಿಥಿಗಳು ಬೇಯಿಸಿದ ಗೆಣಸು, ಸುಟ್ಟ ಮೀನು, ಪಪೆಡ ಗಂಜಿ ತಿಂದು ಮಧ್ಯಾಹ್ನದ ಹೊತ್ತಿಗೆ ಹೊರಟರು. ಅವರ ಹಡಗು ಕೊಲ್ಲಿಯ ತಿರುವು ದಾಟುವವರೆಗೂ ಊರು ಶಿಸ್ತಿನಿಂದ ಕಾದಿತು. ಆಮೇಲೆ ಒಂದರ ಹಿಂದೆ ಒಂದು ಜನರೇಟರ್ ಕೆಮ್ಮಿ ಎದ್ದವು.

ನಿಧಿ ಬಂದಾಗ ಊರ ಸಭೆ ಕೂಡಿತು. ಸಾಸಿ ಮುಂದುವರಿಯಬೇಕೇ ಎಂದು ಬಾಪಾ ರಾಜ ಕೇಳಿದ. ಎಲ್ಲರಿಗಿಂತ ಮೊದಲು ಎದ್ದು ನಿಂತವಳು ಉಸಿ ಬತ್ಸೆಬ.

"ಮುಂದುವರಿಯಲಿ. ಮುಟ್ಟಿದವರ ಕೈ ಮುರೀತೀನಿ."

ಓಪಾ ಬೆರಗಾಗಿ ಅವಳ ಕಡೆ ನೋಡಿದರು. "ಈಗ ಅರ್ಥ ಆಯ್ತಾ ನಿಂಗೆ?"

"ಚೆನ್ನಾಗಿ ಅರ್ಥ ಆಯ್ತು ಓಪಾ. ಬಲಿಯುತ್ತೆ ಅಂದ್ರಲ್ಲ, ಬಲಿತಿದೆ. ಈಗ ಹೆಂಗಸರ ಸಂಘದ ಪಾಲು ಕೊಡಿ."

ಆ ಪಾಲಿನಲ್ಲಿ ಅವರು ಊರಿನಲ್ಲಿ ಯಾರ ಬಳಿಯೂ ಇಲ್ಲದಷ್ಟು ದೊಡ್ಡ ಡೀಸೆಲ್ ಜನರೇಟರ್ ಒಂದನ್ನೂ ಐಸ್ ಮಾಡುವ ಯಂತ್ರವನ್ನೂ ತಂದರು. ಯೋಜನೆಯ ಹಣದಲ್ಲಿ ಕೊಂಡ ಪ್ರತಿ ವಸ್ತುವಿಗೂ ಗುರುತು ಅಂಟಿಸಬೇಕೆಂಬ ನಿಯಮವಿತ್ತು. ನಾನೇ ಹೋಗಿ ಜನರೇಟರಿನ ಹೊಟ್ಟೆಯ ಮೇಲೆ ನಗುವ ಸೂರ್ಯನನ್ನು ಅಂಟಿಸಿ ಬಂದೆ. ಅಂಟು ಒಣಗುವ ಮೊದಲೇ ಸೂರ್ಯನಿಗೆ ಮಸಿ ಹಿಡಿಯಿತು. ಆ ತಿಂಗಳ ವರದಿಯಲ್ಲಿ ನಾನು ಬ್ಯಾಟರಿ ತುಂಬಿದೆ ಎಂದು ಬರೆದೆ. ಇಬು ಲರಸ್ ಅವರ ಕಚೇರಿ ನನಗೆ ಬಡ್ತಿ ಕೊಟ್ಟು, ಬೇರೆ ದ್ವೀಪದವರಿಗೆ ಗರಿ ಕಟ್ಟುವುದನ್ನು ಕಲಿಸಲು ಹೇಳಿತು. ಆ ಕೆಲಸ ಒಪ್ಪಿಕೊಳ್ಳಬೇಕೋ ಬೇಡವೋ ಎಂದು ಯೋಚಿಸುತ್ತಿದ್ದಾಗಲೇ ಎರಡನೇ ಹಿಂಡು ಬಂತು.

ಕಾಚೆ ಬಂದಾಗ ದಡದಲ್ಲಿ ಟಾರ್ಪಾಲು ಇರಲಿಲ್ಲ. ಬಂಗುಡೆಯೆಲ್ಲ ಪೆಟ್ಟಿಗೆಗಳಲ್ಲಿ ಐಸಿನ ಕೆಳಗೆ ಮಲಗಿತ್ತು. ಅಂಬೋನ್‌ಗೆ ಹೋಗುವ ಹಡಗು ಎರಡು ದಿನದಲ್ಲಿ ಬರುವುದಿತ್ತು. ಉಸಿ ಬತ್ಸೆಬ ಶೆಡ್ಡಿನ ಬಾಗಿಲಲ್ಲಿ ಒಂದು ಐಸ್ ತುಂಡು ಬಾಯಲ್ಲಿಟ್ಟುಕೊಂಡು ಕೂತಿದ್ದಳು. ಅವಳ ಹಿಂದೆ ಜನರೇಟರ್ ನೆಲ ನಡುಗಿಸುತ್ತಿತ್ತು. ಕಾಚೆ ತನ್ನ ಖಾಲಿ ಪೆಟ್ಟಿಗೆಗಳನ್ನೊಮ್ಮೆ ನೋಡಿ, ಅವಳ ಹತ್ತಿರ ಬಂದು ಬಾಗಿ ಒಂದು ಬೆಲೆ ಹೇಳಿದ.

ಅವಳು ಕಿವಿಗೆ ಕೈ ಇಟ್ಟಳು. "ಏನು?"

ಅವನು ಇನ್ನೂ ಜೋರಾಗಿ ಹೇಳಿದ. ಬೆಲೆಯೂ ಸ್ವಲ್ಪ ಮೇಲೇರಿತ್ತು.

"ಕೇಳಿಸ್ತಿಲ್ಲ ಕಾಚೆ, ಈ ಮಿಷನ್ ನೋಡು!"

ಅವನು ಕೂಗಿದ. ಅವಳು ತಲೆಯಾಡಿಸಿದಳು. ಅವನು ಹೊಗೆಗೆ ಕೆಮ್ಮಿ, ಸುತ್ತ ನಗುತ್ತಿದ್ದ ಹೆಂಗಸರನ್ನು ನೋಡಿ, ಎರಡೂ ಕೈ ಬಾಯಿಗೆ ಅಡ್ಡ ಹಿಡಿದು, ಅಂಬೋನ್ ಪೇಟೆಯಲ್ಲಿ ಸಿಗುವ ಬೆಲೆಯನ್ನೇ ಅರಚಿದ.

"ಹಾಂ," ಎಂದಳು ಉಸಿ ಬತ್ಸೆಬ, ಐಸನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳಿಸುತ್ತ. "ಈಗ ಕೇಳಿಸ್ತು."